ಆಟಿ ತಿಂಗಳಿಗೆ ಕಾದ ಶಸ್ತ್ರಚಿಕಿತ್ಸೆ: ಮಲ್ಲಿಗೆ ಬೆಳೆಯುವ ಮಹಿಳೆಯೊಬ್ಬರ ಮೂತ್ರ ಸೋರಿಕೆಯ ಪ್ರಕರಣ

ಆರು ಕುರ್ಚಿ ಖಾಲಿ ಇದ್ದರೂ ಆಕೆ ಗೋಡೆಗೆ ಒರಗಿ ನಿಂತೇ ಇದ್ದರು. 2022ರ ನವೆಂಬರ್ ತಿಂಗಳ ಒಂದು ಬೆಳಿಗ್ಗೆ, ಬಸುರಿ ಸೊಸೆಯನ್ನು ಉಡುಪಿಯ ನನ್ನ ಕ್ಲಿನಿಕ್ಕಿಗೆ ಕರೆತಂದಿದ್ದರು. ಒಳಗೆ ಬಂದ ಮೇಲೂ ಕುಳಿತುಕೊಳ್ಳಲಿಲ್ಲ. ನಡುವೆ ಒಣಕೆಮ್ಮು ಬಂತು. ಕೆಮ್ಮು ಗಂಟಲಿಗೆ ಏರುವ ಮೊದಲೇ ಕಾಲಿಗೆ ಕಾಲು ಹೆಣೆದು, ಸೀರೆಯ ನೆರಿಗೆಯನ್ನು ಮುಷ್ಟಿಯಲ್ಲಿ ಒತ್ತಿ ಹಿಡಿದರು. ಆ ಮುಷ್ಟಿ ನನಗೆ ಹೊಸದಲ್ಲ. ಸೊಸೆಯನ್ನು ತೂಕ ನೋಡಲು ಹೊರಗೆ ಕಳುಹಿಸಿ, "ಕೆಮ್ಮಿದರೆ ಮೂತ್ರ ಹೋಗುತ್ತದೆಯೇ?" ಎಂದು ನೇರವಾಗಿ ಕೇಳಿದೆ. ಸ್ವಲ್ಪ ಹೊತ್ತು ನೆಲ ನೋಡಿದರು. "ಹನ್ನೊಂದು ವರ್ಷವಾಯಿತು. ನಿಮ್ಮ ಕುರ್ಚಿ ಒದ್ದೆಯಾಗುತ್ತದೆ ಎಂದು ಕುಳಿತುಕೊಳ್ಳಲಿಲ್ಲ" ಎಂದರು.

ಆಕೆಯ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಶಂಕರಪುರದ ಆಸುಪಾಸಿನಲ್ಲಿ ಮಲ್ಲಿಗೆ ಬೆಳೆಯುವವರಾದ್ದರಿಂದ ಇಲ್ಲಿ ಮಲ್ಲಿಗೆಯಕ್ಕ ಎಂದೇ ಕರೆಯುತ್ತೇನೆ.

ವಯಸ್ಸು 51. ಮೂರು ಸಹಜ ಹೆರಿಗೆ. ಮೊದಲನೆಯದರಲ್ಲಿ ಇಕ್ಕಳ ಹಾಕಿ ಮಗುವನ್ನು ತೆಗೆದಿದ್ದರು. ಮುಟ್ಟು ನಿಂತು ಎರಡು ವರ್ಷ. ತೂಕ 71 ಕಿಲೋ, ಎತ್ತರ 152 ಸೆಂಟಿಮೀಟರ್. ರಕ್ತದೊತ್ತಡಕ್ಕೆ ನಾಲ್ಕು ವರ್ಷದಿಂದ ಮಾತ್ರೆ. ಕೆಮ್ಮಿದರೆ, ಸೀನಿದರೆ, ನಕ್ಕರೆ, ಕೊಡಪಾನ ಎತ್ತಿದರೆ ಸೋರುತ್ತದೆ. ಎಲ್ಲಕ್ಕಿಂತ ಹೆಚ್ಚು ಸೋರುವುದು ಗಿಡದ ಬುಡದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಮೇಲೇಳುವಾಗ. ಬೆಳಕು ಹರಿಯುವ ಹೊತ್ತಿಗೆ ಮೊಗ್ಗು ಕೊಯ್ಯಲು ಇಳಿಯುವ ಅವರು ಎರಡು ಗಂಟೆಯಲ್ಲಿ ಎಷ್ಟು ಸಲ ಬಾಗುತ್ತಾರೋ, ಎಷ್ಟು ಸಲ ಏಳುತ್ತಾರೋ ಲೆಕ್ಕವಿಲ್ಲ. ಹಳೆಯ ಹತ್ತಿ ಸೀರೆಯನ್ನು ಹರಿದು ಮಡಚಿ ಇಟ್ಟುಕೊಳ್ಳುತ್ತಿದ್ದರು. ದಿನಕ್ಕೆ ನಾಲ್ಕು ಸಲ ಬದಲಾಯಿಸಬೇಕಿತ್ತು. ಸೋರುತ್ತದೆಂದು ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದರಿಂದ ವರ್ಷಕ್ಕೆ ಎರಡು ಮೂರು ಸಲ ಉರಿಮೂತ್ರ.

ಇದೆಲ್ಲವನ್ನೂ ಅವರು ಸಮಾಧಾನದಿಂದಲೇ ಹೇಳಿದರು. ದನಿ ಒಡೆದದ್ದು ಒಂದೇ ಕಡೆ. 800 ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಬಾಳೆನಾರಿನಲ್ಲಿ ಕಟ್ಟಿದ ಆ ಹೂವು ಮದುವೆ ಮನೆಗೆ ಹೋಗುತ್ತದೆ, ದೈವದ ಕೋಲಕ್ಕೆ ಹೋಗುತ್ತದೆ, ನಾಗನ ಕಟ್ಟೆಗೆ ಹೋಗುತ್ತದೆ. "ದೇವರ ತಲೆಗೆ ಏರುವ ಹೂವನ್ನು ಒದ್ದೆ ಬಟ್ಟೆ ಇಟ್ಟುಕೊಂಡು ಕಟ್ಟುತ್ತಿದ್ದೇನಲ್ಲ" ಎಂದು ಕಣ್ಣು ಒರೆಸಿಕೊಂಡರು. ಭಜನೆಗೆ ಹೋಗುವುದನ್ನು ಬಿಟ್ಟು ಆರು ವರ್ಷವಾಗಿತ್ತು. ಗಂಡನಿಗೂ ಕಾರಣ ಗೊತ್ತಿರಲಿಲ್ಲ.

ಎಂಟು ವರ್ಷದ ಹಿಂದೆ ಒಮ್ಮೆ ಧೈರ್ಯ ಮಾಡಿ ಒಂದು ಕಡೆ ಹೇಳಿಕೊಂಡಿದ್ದರಂತೆ. ಗರ್ಭಕೋಶ ತೆಗೆಸಿಕೊಂಡರೆ ಇದೂ ನಿಲ್ಲುತ್ತದೆ ಎಂಬ ಉತ್ತರ ಸಿಕ್ಕಿತು. ಹೆದರಿ ಓಡಿಬಂದರು. ಓಡಿಬಂದದ್ದು ಒಳ್ಳೆಯದಾಯಿತು. ಗರ್ಭಕೋಶ ತೆಗೆದರೆ ಈ ಸೋರಿಕೆ ನಿಲ್ಲುವುದಿಲ್ಲ. 2007ರಲ್ಲಿ ಪ್ರಕಟವಾದ ಸ್ವೀಡನ್ನಿನ ದೊಡ್ಡ ಅಧ್ಯಯನವೊಂದರ ಪ್ರಕಾರ, ಗರ್ಭಕೋಶ ತೆಗೆಸಿಕೊಂಡ ಮಹಿಳೆಯರಲ್ಲಿ ಮುಂದೆ ಸೋರಿಕೆಗೆ ಶಸ್ತ್ರಚಿಕಿತ್ಸೆ ಬೇಕಾಗುವ ಸಂಭವ ಉಳಿದವರಿಗಿಂತ ಎರಡು ಪಟ್ಟಿಗೂ ಹೆಚ್ಚು. ನಮ್ಮ ಜಿಲ್ಲೆಗಳಲ್ಲಿ ಈ ಸಲಹೆ ಇಂದಿಗೂ ಕಿವಿಗೆ ಬೀಳುತ್ತದೆ. ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಈ ತೊಂದರೆಗೆ 'ಒತ್ತಡದ ಮೂತ್ರ ಸೋರಿಕೆ' ಎಂದು ಹೆಸರು. ಅದರಲ್ಲಿರುವ 'ಒತ್ತಡ' ಎಂಬ ಮಾತು ಅನೇಕರನ್ನು ದಾರಿ ತಪ್ಪಿಸಿದೆ. ಇದು ಮನಸ್ಸಿನ ಒತ್ತಡವಲ್ಲ, ಹೊಟ್ಟೆಯ ಒತ್ತಡ. ಕೆಮ್ಮಿದಾಗ ಹೊಟ್ಟೆಯೊಳಗಿನ ಒತ್ತಡ ಮೂತ್ರಕೋಶದ ಮೇಲೆ ಬೀಳುತ್ತದೆ. ಮೂತ್ರನಾಳದ ಕೆಳಗೆ ಸ್ನಾಯು ಮತ್ತು ಅಂಗಾಂಶಗಳ ಒಂದು ಹಾಸು ಇದೆ. ಅದು ಗಟ್ಟಿಯಾಗಿದ್ದರೆ ನಾಳ ಅದಕ್ಕೆ ಒತ್ತಿಕೊಂಡು ಮುಚ್ಚಿಕೊಳ್ಳುತ್ತದೆ. ನೀರು ಹರಿಯುವ ರಬ್ಬರ್ ಕೊಳವೆಯನ್ನು ಸಿಮೆಂಟಿನ ಅಂಗಳದಲ್ಲಿ ಮೆಟ್ಟಿದರೆ ನೀರು ನಿಲ್ಲುತ್ತದೆ, ಕೆಸರಿನಲ್ಲಿ ಮೆಟ್ಟಿದರೆ ಕೊಳವೆ ಹೂತುಹೋಗುತ್ತದೆ, ನೀರು ಹರಿಯುತ್ತಲೇ ಇರುತ್ತದೆ. ಹೆರಿಗೆ, ವಯಸ್ಸು, ತೂಕ, ಬಿಡದ ಕೆಮ್ಮು ಇವು ಆ ಅಂಗಳವನ್ನು ಕೆಸರು ಮಾಡುತ್ತವೆ.

ಪರೀಕ್ಷೆಯಲ್ಲಿ ಅನುಮಾನಕ್ಕೆ ಎಡೆ ಉಳಿಯಲಿಲ್ಲ. ಮೂತ್ರಕೋಶ ತುಂಬಿದ್ದಾಗ ಕೆಮ್ಮಿಸಿದರೆ ಆ ಕ್ಷಣವೇ ಮೂತ್ರ ಚಿಮ್ಮಿತು. ಮೂತ್ರ ಮಾಡಿದ ಮೇಲೆ ಒಳಗೆ ಉಳಿದದ್ದು 30 ಮಿಲಿಲೀಟರ್ ಮಾತ್ರ. ಸೋಂಕು ಇರಲಿಲ್ಲ, ಗರ್ಭಕೋಶ ಹೇಳಿಕೊಳ್ಳುವಷ್ಟು ಜಾರಿರಲಿಲ್ಲ. ಇಷ್ಟು ಸ್ಪಷ್ಟವಿರುವಾಗ ಮೊದಲ ಹಂತದಲ್ಲೇ ಮೂತ್ರಕೋಶದ ಒತ್ತಡ ಅಳೆಯುವ ದೊಡ್ಡ ಪರೀಕ್ಷೆಗಳು ಬೇಕಿಲ್ಲ.

ಮೂರು ದಿನ ಎಷ್ಟು ಕುಡಿದಿರಿ, ಎಷ್ಟು ಸಲ ಹೋದಿರಿ, ಎಷ್ಟು ಸಲ ಸೋರಿತು ಎಂದು ಬರೆದು ತನ್ನಿ ಎಂದಿದ್ದೆ. ಹೂವಿನ ಲೆಕ್ಕದ ಪುಸ್ತಕವನ್ನೇ ತಂದರು. ಅಟ್ಟೆ, ಚೆಂಡು, ಆ ದಿನದ ದರ, ಅದರ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಸಣ್ಣ ಸಣ್ಣ ಸೊನ್ನೆಗಳು. ಒಂದೊಂದು ಸೋರಿಕೆಗೆ ಒಂದೊಂದು ಸೊನ್ನೆ. ಮೊದಲ ದಿನ 9, ಎರಡನೆಯ ದಿನ 11, ಮೂರನೆಯ ದಿನ 8. ಇಷ್ಟು ಚೊಕ್ಕವಾದ ದಾಖಲೆಯನ್ನು ಹೆಚ್ಚು ಓದಿದ ರೋಗಿಗಳಿಂದಲೂ ನಾನು ಕಂಡದ್ದು ಕಡಿಮೆ. ಆಕೆ ಓದಿದ್ದು ಐದನೆಯ ತರಗತಿ.

ಮೊದಲು ಕೈ ಹಾಕಿದ್ದು ಕೆಮ್ಮಿಗೆ. ಆಕೆ ನುಂಗುತ್ತಿದ್ದ ಮಾತ್ರೆ ರಾಮಿಪ್ರಿಲ್. ಆ ಗುಂಪಿನ ಮಾತ್ರೆಗಳು ಕೆಲವರಿಗೆ ಬಿಡದ ಒಣಕೆಮ್ಮು ತರುತ್ತವೆ. ಬಚ್ಚಲ ಒಲೆಯ ಹೊಗೆಯಿಂದ ಕೆಮ್ಮು ಎಂದೇ ಮನೆಯವರೆಲ್ಲ ನಂಬಿದ್ದರು. ಆಕೆಯ ವೈದ್ಯರೊಂದಿಗೆ ಮಾತನಾಡಿ ಅದನ್ನು ಟೆಲ್ಮಿಸಾರ್ಟಾನ್‌ಗೆ ಬದಲಾಯಿಸಿದೆವು. ಐದು ವಾರದಲ್ಲಿ ಕೆಮ್ಮು ನಿಂತಿತು. ಮೂತ್ರ ಸೋರುತ್ತದೆ ಎಂದು ಬಂದವರ ಮಾತ್ರೆಗಳ ಚೀಟಿಯನ್ನು ನೋಡದೆ ಶಸ್ತ್ರಚಿಕಿತ್ಸೆಯ ಮಾತೆತ್ತುವುದು ತಪ್ಪು ಎಂದು ಕಿರಿಯ ವೈದ್ಯರಿಗೆ ನಾನು ಮತ್ತೆ ಮತ್ತೆ ಹೇಳುವುದು ಇದಕ್ಕೇ.

ಎರಡನೆಯದು ತೂಕ. 2009ರಲ್ಲಿ ಅಮೆರಿಕದ 338 ಮಹಿಳೆಯರ ಅಧ್ಯಯನವೊಂದು ಪ್ರಕಟವಾಯಿತು. ದಪ್ಪ ಮೈಯ ಮಹಿಳೆಯರು ಆರು ತಿಂಗಳಲ್ಲಿ ಸರಾಸರಿ ಶೇ. 8ರಷ್ಟು ತೂಕ ಇಳಿಸಿದಾಗ ವಾರದ ಸೋರಿಕೆ ಶೇ. 47ರಷ್ಟು ಇಳಿದಿತ್ತು, ಬರೀ ತಿಳಿವಳಿಕೆ ಪಡೆದ ಗುಂಪಿನಲ್ಲಿ ಶೇ. 28. ಮಲ್ಲಿಗೆಯಕ್ಕ ರಾತ್ರಿಯ ಅನ್ನ ಕಡಿಮೆ ಮಾಡಿದರು, ಸಂಜೆ ನಡೆಯತೊಡಗಿದರು. ಮಲಬದ್ಧತೆಗೆ ಔಷಧಿ ಕೊಟ್ಟೆ, ಯೋನಿಗೆ ಹಚ್ಚುವ ಈಸ್ಟ್ರೋಜನ್ ಮುಲಾಮು ಕೊಟ್ಟೆ. ಉರಿಮೂತ್ರ ಮರಳಿ ಬರುವುದು ನಿಂತಿತು.

ಇನ್ನು ವ್ಯಾಯಾಮ, ಮೂತ್ರನಾಳದ ಕೆಳಗಿನ ಆ ಸ್ನಾಯುವಿನ ಹಾಸನ್ನು ಬಿಗಿಹಿಡಿದು ಬಲಪಡಿಸುವುದು. ಇದರ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ನಮ್ಮಲ್ಲಿ ಅತಿ ಹೆಚ್ಚು ಕೆಡುವುದು ಇಲ್ಲಿಯೇ. ಅಮೆರಿಕದ ಸ್ತ್ರೀರೋಗ ತಜ್ಞ ಆರ್ನಾಲ್ಡ್ ಕೆಗಲ್ 1948ರಲ್ಲಿ ಇದನ್ನು ಬರೆದಾಗ ಜೊತೆಗೆ ಒಂದು ಉಪಕರಣವನ್ನೂ ಕೊಟ್ಟಿದ್ದರು. ಬಿಗಿಹಿಡಿತ ಎಷ್ಟಿದೆ ಎಂದು ಮಹಿಳೆ ತಾನೇ ಮುಳ್ಳಿನಲ್ಲಿ ನೋಡಬಹುದಿತ್ತು. ಕಾಲಾನಂತರ ಉಪಕರಣ ಮರೆಯಾಯಿತು, ಕಲಿಸುವವರೂ ಮರೆಯಾದರು, "ಕೆಗಲ್ ಮಾಡಿ" ಎಂಬ ಎರಡು ಪದ ಮಾತ್ರ ಔಷಧಿ ಚೀಟಿಯಲ್ಲಿ ಉಳಿಯಿತು. ಮಲ್ಲಿಗೆಯಕ್ಕನೂ ಎಲ್ಲೋ ಸಿಕ್ಕಿದ ಒಂದು ಕಾಗದ ನೋಡಿಕೊಂಡು ಒಂದು ವರ್ಷ ಮಾಡಿದ್ದರು. ಬೆರಳಿಟ್ಟು ಪರೀಕ್ಷಿಸುತ್ತಾ "ಈಗ ಬಿಗಿ ಮಾಡಿ" ಎಂದೆ. ಉಸಿರು ಕಟ್ಟಿದರು, ಹೊಟ್ಟೆ ಕಲ್ಲಾಯಿತು, ನನ್ನ ಬೆರಳನ್ನು ಹೊರಕ್ಕೆ ತಳ್ಳಿದರು. ಮುಕ್ಕುವುದನ್ನೇ ಬಿಗಿಹಿಡಿಯುವುದೆಂದು ತಿಳಿದು ವರ್ಷವಿಡೀ ಸೋರಿಕೆಯನ್ನು ಹೆಚ್ಚಿಸುವ ಕೆಲಸವನ್ನೇ ಶ್ರದ್ಧೆಯಿಂದ ಮಾಡಿದ್ದರು. ಇದು ಆಕೆಯ ತಪ್ಪಲ್ಲ. 1991ರಲ್ಲಿ ಬಂಪ್ ಮತ್ತು ಸಂಗಡಿಗರು ನೋಡಿದಾಗ, ಬಾಯಿಮಾತಿನ ಸೂಚನೆ ಪಡೆದವರಲ್ಲಿ ಸರಿಯಾಗಿ ಮಾಡಿದವರು ಅರ್ಧದಷ್ಟು ಮಂದಿ. ಸೋರಿಕೆಯನ್ನು ಹೆಚ್ಚಿಸಬಹುದಾದ ರೀತಿಯಲ್ಲಿ ಮಾಡಿದವರು ನಾಲ್ಕರಲ್ಲಿ ಒಬ್ಬರು.

ನನ್ನೊಂದಿಗೆ ಕೆಲಸ ಮಾಡುವ ಫಿಸಿಯೋಥೆರಪಿಸ್ಟ್ ಎರಡು ಭೇಟಿಗಳಲ್ಲಿ ಎಲ್ಲ ಹೋಲಿಕೆಗಳನ್ನೂ ಪ್ರಯತ್ನಿಸಿದರು. ಲಿಫ್ಟು ಮೇಲೇರಿದ ಹಾಗೆ ಎಂದರೆ ಆಕೆಗೆ ಏನೂ ಹೊಳೆಯಲಿಲ್ಲ. ಮೂರನೆಯ ಭೇಟಿಯಲ್ಲಿ ಒಮ್ಮೆ ಸರಿಯಾದ ಸ್ನಾಯು ತಾನಾಗಿ ಬಿಗಿಯಿತು, "ಇದೇ, ಇದೇ" ಎಂದು ಅವರು ಹೇಳುತ್ತಿದ್ದಂತೆ ಮಲ್ಲಿಗೆಯಕ್ಕನೇ ಹೋಲಿಕೆ ಕಂಡುಕೊಂಡರು: "ಓ, ತೊಟ್ಟಿಗೆ ನಾರು ಸುತ್ತಿ ಒಳಕ್ಕೆ ಎಳೆದ ಹಾಗೆ!" ಎಡಗೈಯ ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಮೊಗ್ಗುಗಳ ತೊಟ್ಟು ಹಿಡಿದು, ಬಲಗೈಯಲ್ಲಿ ನಾರಿನ ಕುಣಿಕೆ ಹಾಕಿ, ಮೊಗ್ಗು ನಲುಗದಂತೆ ಬಿಗಿಯುವ ಆ ಎಳೆತವನ್ನು ಗಾಳಿಯಲ್ಲೇ ಮಾಡಿ ತೋರಿಸಿದರು. ಸುತ್ತಲಿಂದ ಬಿಗಿದು ಒಳಕ್ಕೆ, ಮೇಲಕ್ಕೆ. ಹೊಟ್ಟೆ ಸಡಿಲ, ಉಸಿರು ಸಲೀಸು. ಅಂದಿನಿಂದ ನಮ್ಮ ಕ್ಲಿನಿಕ್ಕಿಗೆ ಬರುವ ಹೂ ಕಟ್ಟುವ ಹೆಂಗಸರಿಗೆಲ್ಲ ಅದೇ ಹೋಲಿಕೆ.

ಒಂದು ಸಲಕ್ಕೆ ಎಂಟು ಬಿಗಿತ, ದಿನಕ್ಕೆ ಮೂರು ಸಲ, ಕನಿಷ್ಠ ಮೂರು ತಿಂಗಳು. ಜೊತೆಗೆ ಕೆಮ್ಮುವ, ಏಳುವ, ಎತ್ತುವ ಮುನ್ನ ಒಂದು ಬಿಗಿತ. ಕಾಲು ಹೆಣೆದು ಮುಷ್ಟಿ ಒತ್ತುವ ಬದಲು ಒಳಗಿನ ಸ್ನಾಯುವಿನಿಂದಲೇ ತಡೆಯುವುದು. 2023ರ ಮಾರ್ಚ್ ಹೊತ್ತಿಗೆ ಸ್ನಾಯುವಿನ ಬಲ ಐದರ ಅಳತೆಯಲ್ಲಿ 2ರಿಂದ 4ಕ್ಕೆ ಏರಿತ್ತು. ತೂಕ 66 ಕಿಲೋ. ಲೆಕ್ಕದ ಪುಸ್ತಕದ ಸೊನ್ನೆಗಳು ದಿನಕ್ಕೆ ಎರಡಕ್ಕೆ ಇಳಿದಿದ್ದವು.

ಆ ಎರಡು ಉಳಿದದ್ದು ಮಾತ್ರ ಗಿಡದ ಬುಡದಲ್ಲಿ. ಬೇರೆಯವರಾಗಿದ್ದರೆ ಇಲ್ಲಿಗೆ ನಿಲ್ಲಿಸುತ್ತಿದ್ದರೇನೋ. ಆಕೆಯ ಬದುಕು ಇರುವುದೇ ಗಿಡದ ಬುಡದಲ್ಲಿ. ಯೋನಿಯೊಳಗೆ ಇಡುವ ಸಿಲಿಕೋನ್ ಉಂಗುರವನ್ನು ತಿಂಗಳು ಬಳಸಿ ನೋಡಿದರು. ಕುಕ್ಕರಗಾಲಿನಲ್ಲಿ ಕುಳಿತರೆ ಜಾರುತ್ತಿತ್ತು. ಮೇ ತಿಂಗಳಲ್ಲಿ "ಇನ್ನು ಆಪರೇಷನ್ ಬಗ್ಗೆ ಹೇಳಿ" ಎಂದರು.

ನನ್ನ ಮನಸ್ಸಿನಲ್ಲಿದ್ದದ್ದು ಟೇಪ್. ಅದಕ್ಕೊಂದು ಹಿನ್ನೆಲೆ ಇದೆ. ನಾನು ಕಲಿಯುವಾಗ ನಮ್ಮ ಗುರುಗಳು ಮಾಡುತ್ತಿದ್ದದ್ದು ಕೆಲ್ಲಿ ಹೊಲಿಗೆ, ಇಪ್ಪತ್ತನೆಯ ಶತಮಾನದ ಆರಂಭದ್ದು. ಮೂತ್ರನಾಳದ ಕೆಳಗೆ ನಾಲ್ಕು ಹೊಲಿಗೆ ಹಾಕಿದರೆ ವರ್ಷ ಎರಡು ವರ್ಷ ಚೆನ್ನಾಗಿರುತ್ತಿತ್ತು, ಆಮೇಲೆ ಮೊದಲಿನ ಹಾಗೆಯೇ. 1961ರಲ್ಲಿ ಬರ್ಚ್ ವಿವರಿಸಿದ ವಿಧಾನ ಅದಕ್ಕಿಂತ ಗಟ್ಟಿ: ಯೋನಿಯ ಮುಂಗೋಡೆಯನ್ನು ಎರಡೂ ಬದಿಯಲ್ಲಿ ಜಘನಾಸ್ಥಿಯ (ಕೆಳಹೊಟ್ಟೆಯ ಕೆಳಗಿನ ಮೂಳೆ) ಹಿಂಬದಿಯ ಗಟ್ಟಿ ಅಸ್ಥಿರಜ್ಜುವಿಗೆ ಹೊಲಿದು ಎತ್ತಿ ನಿಲ್ಲಿಸುವುದು. ಆದರೆ ಹೊಟ್ಟೆ ಕೊಯ್ಯಬೇಕಿತ್ತು. 1990ರ ದಶಕದಲ್ಲಿ ಸ್ವೀಡನ್ನಿನ ಉಲ್ಮ್‌ಸ್ಟೆನ್ ಮತ್ತು ಆಸ್ಟ್ರೇಲಿಯಾದ ಪೆಟ್ರೋಸ್ ಹೊಸ ದಾರಿ ತೋರಿಸಿದರು. ಒಂದು ಸೆಂಟಿಮೀಟರಿನಷ್ಟು ಅಗಲದ, ಬಲೆಯಂತೆ ಹೆಣೆದ ಪಾಲಿಪ್ರೊಪಿಲೀನ್ ಪಟ್ಟಿಯನ್ನು ಮೂತ್ರನಾಳದ ನಡುಭಾಗದ ಕೆಳಗೆ ಸಡಿಲವಾಗಿ ಇಡುವುದು. ಸಣ್ಣ ಗಾಯ, ಅರ್ಧ ಗಂಟೆಯ ಕೆಲಸ, ಮರುದಿನ ಮನೆಗೆ. ನಾನು ಮೊದಲ ಟೇಪ್ ಹಾಕಿದ್ದು 2004ರಲ್ಲಿ. ಮರುದಿನ ಬೆಳಿಗ್ಗೆ ಆ ಮಹಿಳೆ ಜೋರಾಗಿ ಕೆಮ್ಮಿ, ಸೋರಲಿಲ್ಲವೆಂದು ನನ್ನ ಕೈ ಹಿಡಿದುಕೊಂಡದ್ದನ್ನು ಮರೆಯಲಾರೆ. ಆ ಮೂಲ ವಿಧಾನದವರನ್ನು 17 ವರ್ಷ ಹಿಂಬಾಲಿಸಿದ ನಾರ್ಡಿಕ್ ಅಧ್ಯಯನದಲ್ಲಿ, ಪರೀಕ್ಷೆಗೆ ಸಿಕ್ಕಿದ ಹತ್ತರಲ್ಲಿ ಒಂಬತ್ತು ಮಂದಿ ಕೆಮ್ಮಿದರೂ ಸೋರುತ್ತಿರಲಿಲ್ಲ.

ಮಲ್ಲಿಗೆಯಕ್ಕನ ಅಣ್ಣನ ಮಗಳು ಇಂಗ್ಲೆಂಡಿನಲ್ಲಿ ನರ್ಸ್. ಕರಾವಳಿಯ ಮನೆಗಳಲ್ಲಿ ಇದೇನೂ ವಿಶೇಷವಲ್ಲ. ಟೇಪಿನ ವಿಷಯ ಫೋನಿನಲ್ಲಿ ಹೇಳಿದ ಕೂಡಲೇ ಆಕೆ, "ಅತ್ತೆ, ಇಲ್ಲಿ ಅದನ್ನು ನಿಲ್ಲಿಸಿದ್ದಾರೆ" ಎಂದಿದ್ದಳು. ಮುಂದಿನ ಭೇಟಿಗೆ ಮಲ್ಲಿಗೆಯಕ್ಕ ಗಂಡನನ್ನೂ ಕರೆತಂದರು. ಹನ್ನೊಂದು ವರ್ಷದ ಗುಟ್ಟು ಅಷ್ಟರಲ್ಲಿ ಮನೆಯಲ್ಲಿ ಬಯಲಾಗಿತ್ತು. ಆತ ಹಿಂದೆ ಮಲ್ಪೆಯ ದೋಣಿಗಳಲ್ಲಿ ದುಡಿದವರು. "ಬಲೆ ಎಂದರೆ ನಮ್ಮ ಬಲೆಯ ಹಾಗೆಯೇ?" ಎಂದು ಕೇಳಿದರು. ಮಾದರಿ ಪಟ್ಟಿಯನ್ನು ಕೈಗೆ ಕೊಟ್ಟೆ. ಎಳೆದು ನೋಡಿದರು, ಉಗುರಿನಿಂದ ಕೆರೆದು ನೋಡಿದರು.

ಅಂದು ನಡೆದದ್ದು ಮುಕ್ಕಾಲು ಗಂಟೆಯ ಮಾತು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಯೋನಿಯ ಮೂಲಕ ಹಾಕುವ ಬಲೆಯ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2008ರಲ್ಲಿ ಮತ್ತು 2011ರಲ್ಲಿ ಎಚ್ಚರಿಕೆ ಕೊಟ್ಟಿತು. 2019ರ ಏಪ್ರಿಲ್‌ನಲ್ಲಿ ಮಾರಾಟ ನಿಲ್ಲಿಸಲು ಹೇಳಿದ್ದು ಅಂಗ ಜಾರುವಿಕೆಗೆ ಹಾಕುವ ದೊಡ್ಡ ಬಲೆಗೆ, ಸೋರಿಕೆಯ ಸಣ್ಣ ಪಟ್ಟಿಗಲ್ಲ. ಈ ಎರಡನ್ನು ಒಂದೇ ಎಂದು ತಿಳಿಯುವುದು ತಪ್ಪು. ಆದರೆ ಇಂಗ್ಲೆಂಡ್ 2018ರ ಜುಲೈಯಲ್ಲಿ ಸೋರಿಕೆಯ ಪಟ್ಟಿಯನ್ನೂ ತಡೆಹಿಡಿಯಿತು. ಎರಡು ವರ್ಷದ ನಂತರ ಬ್ಯಾರನೆಸ್ ಕಂಬರ್ಲೆಜ್ ನೇತೃತ್ವದ ಪರಿಶೀಲನಾ ವರದಿ ಬಂತು. ನೋವು ನೋವು ಎಂದು ವರ್ಷಗಟ್ಟಲೆ ಹೇಳಿಕೊಂಡ ಮಹಿಳೆಯರ ಮಾತನ್ನು ವೈದ್ಯರು ಕಿವಿಗೆ ಹಾಕಿಕೊಳ್ಳಲಿಲ್ಲ ಎಂಬುದು ಅದರ ಮುಖ್ಯ ಆಕ್ಷೇಪ. ನಮ್ಮ ದೇಶದಲ್ಲಿ ಟೇಪ್ ಬಳಕೆ ಮುಂದುವರಿದಿದೆ.

ನನ್ನದೇ ಒಬ್ಬ ರೋಗಿಯ ಕಥೆಯನ್ನೂ ಹೇಳಿದೆ, ಏಕೆಂದರೆ ಮುಚ್ಚಿಟ್ಟರೆ ಆ ಆಕ್ಷೇಪ ನನಗೂ ತಗಲುತ್ತದೆ. ಟೇಪ್ ಹಾಕಿ ನಾಲ್ಕು ವರ್ಷದ ನಂತರ ಆಕೆಗೆ ಯೋನಿಯಲ್ಲಿ ಚುಚ್ಚಿದಂತಾಗುತ್ತಿತ್ತು. ಮೊದಲ ಎರಡು ಭೇಟಿಯಲ್ಲಿ ನನಗೆ ಏನೂ ಕಾಣಲಿಲ್ಲ, ಸೋಂಕಿಗೆ ಔಷಧಿ ಕೊಟ್ಟು ಕಳುಹಿಸಿದೆ. ಮೂರನೆಯ ಸಲ ಅರಿವಳಿಕೆ ಕೊಟ್ಟು ನೋಡಿದಾಗ ಪಟ್ಟಿಯ ಅಂಚು ಚರ್ಮವನ್ನು ಸೀಳಿ ಹೊರಬಂದಿತ್ತು. ಹೊರಬಂದ ಭಾಗವನ್ನು ಕತ್ತರಿಸಿ ತೆಗೆದೆವು. ನೋವು ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಎಂಟು ತಿಂಗಳು ಆಕೆ ನನ್ನನ್ನು ನಂಬಿ ನೋವು ತಿಂದರು.

ಕೇಳಿಸಿಕೊಂಡ ಮಲ್ಲಿಗೆಯಕ್ಕ ಒಂದೇ ಪ್ರಶ್ನೆ ಕೇಳಿದರು: "ಬೇಡವೆನಿಸಿದರೆ ಪೂರ್ತಿ ತೆಗೆಯಬಹುದೇ?" ಅದು ಮೈಯೊಂದಿಗೆ ಬೆರೆತು ಬೆಳೆಯುವಂತೆಯೇ ಮಾಡಿದ ವಸ್ತು, ತೆಗೆಯುವುದು ಹಾಕಿದಷ್ಟು ಸುಲಭವಲ್ಲ, ಕೆಲವರಲ್ಲಿ ಪೂರ್ತಿ ಬರುವುದಿಲ್ಲ ಎಂದೆ. ಹೆಚ್ಚಿನವರಿಗೆ ಅದು ಬೇಕಾಗುವುದೇ ಇಲ್ಲ ಎಂದೂ ಹೇಳಿದೆ. ಆಕೆ ತಲೆಯಾಡಿಸಿದರು.

ಉಳಿದ ದಾರಿಗಳನ್ನು ಮುಂದಿಟ್ಟೆ. ಮೂತ್ರನಾಳದ ಗೋಡೆಗೆ ಜೆಲ್ ಚುಚ್ಚುವುದು: ಅತಿ ಹಗುರ, ಗುಣ ಕಡಿಮೆ, ಮತ್ತೆ ಮತ್ತೆ ಬೇಕಾಗಬಹುದು. ಬರ್ಚ್ ವಿಧಾನ: ಈಗ ದುರ್ಬೀನಿನಲ್ಲೂ ಆಗುತ್ತದೆ. ಇನ್ನೊಂದು, ಹೊಟ್ಟೆಯ ಸ್ನಾಯುವಿನ ಮೇಲಿನ ಬಿಳಿ ಗಟ್ಟಿ ಪೊರೆಯಿಂದ ಒಂದು ಪಟ್ಟಿ ಕತ್ತರಿಸಿ ಮೂತ್ರನಾಳಕ್ಕೆ ತೊಟ್ಟಿಲಿನಂತೆ ಕಟ್ಟುವುದು. ಟೇಪ್ ಬಂದ ಮೇಲೆ ಇದು ಮೂಲೆ ಸೇರಿತ್ತು, ಈಗ ಮರಳಿ ಬಂದಿದೆ. 2007ರಲ್ಲಿ ಪ್ರಕಟವಾದ ಅಮೆರಿಕದ 655 ಮಹಿಳೆಯರ ಅಧ್ಯಯನದಲ್ಲಿ ಎರಡು ವರ್ಷದ ನಂತರ ಒತ್ತಡದ ಸೋರಿಕೆ ನಿಂತವರು ಸ್ವಂತ ಪೊರೆಯ ಪಟ್ಟಿಯಲ್ಲಿ ಶೇ. 66, ಬರ್ಚ್‌ನಲ್ಲಿ ಶೇ. 49. ಆದರೆ ಮೂತ್ರ ಮಾಡಲು ತೊಂದರೆಯಾದವರು ಮೊದಲನೆಯದರಲ್ಲಿ ಶೇ. 14, ಎರಡನೆಯದರಲ್ಲಿ ಶೇ. 2.

ಇಷ್ಟು ಹೇಳಿದ ಮೇಲೂ ನಾನು ಟೇಪ್ ಕಡೆಗೇ ವಾಲಿದ್ದೆ: ಬೇಗ ಕೆಲಸಕ್ಕೆ ಮರಳಬಹುದು, ಹೊಟ್ಟೆಗೆ ಗಾಯವಿಲ್ಲ. ಅದನ್ನೂ ಮರೆಮಾಚದೆ ಹೇಳಿ, ತೀರ್ಮಾನ ನಿಮ್ಮದು ಎಂದೆ. ಎರಡು ವಾರದ ನಂತರ ಬಂದು, "ನನ್ನ ಮೈಯದ್ದೇ ಇರಲಿ. ಆಟಿಯಲ್ಲಿ ಮಾಡಿ" ಎಂದರು. ಆಟಿ ಎಂದರೆ ತುಳುವರ ಮಳೆಗಾಲದ ತಿಂಗಳು, ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ. ಆಗ ಮದುವೆಗಳಿಲ್ಲ, ಮಳೆಗೆ ಮೊಗ್ಗೂ ಕಡಿಮೆ. ಆರು ವಾರ ಭಾರ ಎತ್ತಬಾರದು ಎಂದು ನಾನು ಹೇಳಿದ್ದನ್ನು ಹೂವಿನ ಪಂಚಾಂಗಕ್ಕೆ ಹೊಂದಿಸಿಕೊಂಡಿದ್ದರು. ಟೇಪಿನ ಖರ್ಚು ಉಳಿಯುವುದೂ ಅವರಿಗೆ ಸಣ್ಣ ಮಾತಾಗಿರಲಿಲ್ಲ.

2023ರ ಜುಲೈ ಕೊನೆಯ ವಾರ ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ, ಈ ವಿಧಾನದಲ್ಲಿ ನನಗಿಂತ ಹೆಚ್ಚು ಕೈ ಪಳಗಿದ ಮೂತ್ರರೋಗ ತಜ್ಞರೊಬ್ಬರು ಶಸ್ತ್ರಚಿಕಿತ್ಸೆ ಮಾಡಿದರು. ನಾನು ಎದುರಿಗೆ ನಿಂತು ನೆರವಾದೆ. ಕೆಳಹೊಟ್ಟೆಯಲ್ಲಿ ಅಡ್ಡ ಗಾಯ. ಎಂಟು ಸೆಂಟಿಮೀಟರ್ ಉದ್ದ, ಎರಡು ಸೆಂಟಿಮೀಟರ್ ಅಗಲದ ಪಟ್ಟಿ. ಉಪ್ಪುನೀರಿನ ಬಟ್ಟಲಿನಲ್ಲಿ ಅದು ಎಳನೀರಿನ ಗಂಜಿಯಂತೆ ಬೆಳ್ಳಗೆ ಹೊಳೆಯುತ್ತಿತ್ತು. ಹೆಚ್ಚು ಬಿಗಿದರೆ ಮೂತ್ರ ಕಟ್ಟುತ್ತದೆ, ಸಡಿಲ ಬಿಟ್ಟರೆ ಸೋರುತ್ತದೆ. ಪಟ್ಟಿ ಮತ್ತು ನಾಳದ ನಡುವೆ ಕತ್ತರಿಯ ತುದಿ ಆಡುವಷ್ಟು ಜಾಗ ಬಿಟ್ಟು ಗಂಟು ಹಾಕಿದರು.

ಹೆದರಿದ್ದೇ ಆಯಿತು. ನಾಲ್ಕನೆಯ ದಿನ, ಮೂತ್ರ ಹೋಗಲು ಹಾಕಿದ್ದ ನಳಿಗೆ ತೆಗೆದಾಗ ಮೂತ್ರ ಬರಲಿಲ್ಲ. ದಿನಕ್ಕೆ ನಾಲ್ಕು ಸಲ ತಾನೇ ತೆಳು ನಳಿಗೆ ಹಾಕಿ ಖಾಲಿ ಮಾಡುವುದನ್ನು ಕಲಿಸಿ ಮನೆಗೆ ಕಳುಹಿಸಿದೆವು. ಮೊದಲೇ ಹೇಳಿದ್ದರಿಂದ ಆಕೆ ಕಂಗಾಲಾಗಲಿಲ್ಲ. ಶಸ್ತ್ರಚಿಕಿತ್ಸೆಗೆ ಮುನ್ನವೇ ಕನ್ನಡಿ ಹಿಡಿದು ಅಭ್ಯಾಸ ಮಾಡಿಸಿದ್ದೆವು. ಹೂ ಕಟ್ಟುವ ಬೆರಳುಗಳು, ಎರಡನೆಯ ಪ್ರಯತ್ನಕ್ಕೇ ಕಲಿತಿದ್ದವು. ಹದಿಮೂರನೆಯ ದಿನ ತಾನಾಗಿ ಮೂತ್ರ ಬಂತು ಎಂದು ಬೆಳಗಿನ ಜಾವ ಐದೂವರೆಗೆ ಫೋನ್ ಮಾಡಿದರು. ಹೊಟ್ಟೆಯ ಗಾಯ ಒಂದು ಮೂಲೆಯಲ್ಲಿ ಸ್ವಲ್ಪ ಕೀವಾಗಿ ವಾಸಿಯಾಯಿತು. ಅದೇ ಆಗಸ್ಟ್ ತಿಂಗಳಲ್ಲಿ ನ್ಯೂಜಿಲೆಂಡ್ ಕೂಡ ಸೋರಿಕೆಯ ಟೇಪನ್ನು ತಡೆಹಿಡಿದ ಸುದ್ದಿ ಬಂತು.

ಹದಿನೆಂಟು ತಿಂಗಳ ತಪಾಸಣೆಗೆ ಬಂದಾಗ ಕೆಮ್ಮಿಸಿ ನೋಡಿದೆ, ಒಂದು ಹನಿಯೂ ಇಲ್ಲ. ಗಿಡದ ಬುಡದಲ್ಲೂ ಇಲ್ಲ. ಭಜನೆಗೆ ಹೋಗುತ್ತಿದ್ದಾರೆ. ಬಟ್ಟೆ ಇಟ್ಟುಕೊಳ್ಳುವುದನ್ನು ಬಿಟ್ಟಿದ್ದಾರೆ. ಹೊಸದಾಗಿ ಒಂದು ಆತುರ ಸೇರಿಕೊಂಡಿದೆ: ಮೂತ್ರ ಬಂತೆಂದರೆ ತಡೆದುಕೊಳ್ಳುವುದು ಕಷ್ಟ, ಗಂಟೆಗೊಮ್ಮೆ ಓಡಬೇಕು. ಇಂತಹ ಶಸ್ತ್ರಚಿಕಿತ್ಸೆಗಳ ನಂತರ ಕೆಲವರಲ್ಲಿ ಹೀಗಾಗುತ್ತದೆ. ಒಳಗೆ ಉಳಿಯುವ ಮೂತ್ರ 60 ಮಿಲಿಲೀಟರ್, ಸೋಂಕಿಲ್ಲ. ಮಾತ್ರೆ ಕೊಡಬಹುದಿತ್ತು, ರಕ್ತದೊತ್ತಡದವರಿಗೆ ಮಿರಾಬೆಗ್ರಾನ್ ಕೊಟ್ಟರೆ ಒತ್ತಡವನ್ನು ಆಗಾಗ ಅಳೆಯುತ್ತಿರಬೇಕು ಎಂದೆ. ಇನ್ನೊಂದು ಮಾತ್ರೆ ಸದ್ಯಕ್ಕೆ ಬೇಡ ಎಂದರು. ಚಹಾ ಎರಡು ಲೋಟಕ್ಕೆ ಇಳಿಸಿ, ಆತುರ ಬಂದಾಗ ಅದೇ ನಾರಿನ ಬಿಗಿತ ಹಿಡಿದು, ನಡುವಿನ ಅವಧಿಯನ್ನು ವಾರಕ್ಕೆ ಹತ್ತು ನಿಮಿಷದಂತೆ ಹಿಗ್ಗಿಸುತ್ತಿದ್ದಾರೆ. ಹೂವಿನ ಪುಸ್ತಕದಲ್ಲಿ ಈಗ ಸೊನ್ನೆಗಳ ಬದಲು ಗಂಟೆ ನಿಮಿಷಗಳಿವೆ. ಕಳೆದ ವಾರ ತೋರಿಸಿದ ಪುಟದಲ್ಲಿ ಅತಿ ಉದ್ದದ ಅವಧಿ ಎರಡು ಗಂಟೆ ಇಪ್ಪತ್ತು ನಿಮಿಷ.